ಸ್ಟೀರಿಂಗ್ ಮೇಲಿನ ಕುಂಕುಮದ ಬೊಟ್ಟು

ಆಯುಧಪೂಜೆಯ ದಿನ ಮಗಳ ಕಾರಿಗೆ ಕುಂಕುಮ ಇಡುವ ಕೆಲಸ ನನ್ನದು. ನೇಪರ್‌ವಿಲ್‌ನ ಚಳಿಯಲ್ಲಿ ಡ್ರೈವ್‌ವೇ ಮೇಲೆ ನಿಂತು ಗಂಧ ಕಲಸುವಷ್ಟರಲ್ಲಿ ಬೆರಳು ಮರಗಟ್ಟುತ್ತದೆ. ಪಕ್ಕದಲ್ಲಿ ನನ್ನ ಗಂಡ ‘ಬೇಗ ಬೇಗ’ ಎಂದು ಪ್ರಾಣ ಹಿಂಡುತ್ತಿರುತ್ತಾರೆ. ಹೋದ ಸಲ ನಾನು ಸ್ಟೀರಿಂಗಿನ ನೆತ್ತಿಗೆ ಒತ್ತಿದ ಬೊಟ್ಟು ಕವರಿನ ಹೊಲಿಗೆಯೊಳಕ್ಕೆ ಇಳಿದು ಕೂತಿತ್ತು. ಹಿಮ ಕರಗಿ ಬೇಸಿಗೆ ಹತ್ತಿರವಾದರೂ ಹೋಗಿರಲಿಲ್ಲ.

ಆ ಬೇಸಿಗೆಯ ಹೊತ್ತಿಗೆ ಮಗಳ ಕಾಲೇಜು ಮುಗಿದು ಡೆಟ್ರಾಯ್ಟ್ ಹತ್ತಿರದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕೆಲಸ ಸಿಕ್ಕಿತು. ಐದು ಗಂಟೆಯ ದಾರಿ. ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗುತ್ತೇನೆ ಎಂದಳು. ನಮ್ಮ ವ್ಯಾನಿನಲ್ಲಿ ನಾವೇ ಬಿಟ್ಟು ಬರುತ್ತೇವೆ ಎಂದೆ ನಾನು. ಅವಳು ಮುಖ ಊದಿಸಿಕೊಂಡಳು, ನಾನೂ ಊದಿಸಿಕೊಂಡೆ. ಕೊನೆಗೆ ಅವರಪ್ಪನೇ ನಡುವೆ ಬಂದು ತೀರ್ಮಾನ ಹೇಳಿದರು: ಭಾನುವಾರದೊಳಗೆ ಕಾರು ಸರಿಯಾದರೆ ಅವಳೊಬ್ಬಳೇ, ಇಲ್ಲದಿದ್ದರೆ ಎಲ್ಲರೂ ವ್ಯಾನಿನಲ್ಲಿ.

ಕಾರಿಗೆ ಆಗಿದ್ದಿಷ್ಟೆ: ಚಳಿಗಾಲದ ಗುಂಡಿಗಳಿಗೆ ಬಿದ್ದು ಬಿದ್ದು ಮುಂದಿನ ಚಕ್ರಗಳನ್ನು ತಿರುಗಿಸುವ ಟೈ ರಾಡ್‌ಗಳ ತುದಿ ಸವೆದಿತ್ತು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನ್ನ ಗಂಡನಿಗೆ ಸ್ಪ್ಯಾನರ್ ಕಂಡರೆ ಎಲ್ಲಿಲ್ಲದ ಹುರುಪು. ನಾಲ್ಕಾರು ವಿಡಿಯೋ ನೋಡಿ, ಗ್ಯಾರೇಜಿನಲ್ಲಿ ಕಾರಿನಡಿ ಮಲಗಿ, ಶುಕ್ರವಾರ ಸಂಜೆ ಹೊಸ ತುದಿಗಳನ್ನು ಹಾಕಿಯೇಬಿಟ್ಟರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಬಡಾವಣೆ ಸುತ್ತಿದರು.

“ನೋಡು, ಎಷ್ಟು ನೆಟ್ಟಗಿದೆ! ನಿನ್ನ ಬೊಟ್ಟು ಕರೆಕ್ಟಾಗಿ ಮೇಲಿದೆ.”

ನೋಡಿದೆ. ಕಾರು ನೇರವಾಗಿ ಹೋಗುತ್ತಿತ್ತು, ಬೊಟ್ಟು ಸರಿಯಾಗಿ ನೆತ್ತಿಯ ಮೇಲಿತ್ತು. ಸರಿಯಾಯಿತು ಎಂದರೆ ಅವಳು ಒಬ್ಬಳೇ ಹೊರಟಳು ಎಂದೇ ಅರ್ಥ. ಆದರೂ ಕಣ್ಣಿಗೆ ಕಂಡದ್ದನ್ನು ಇಲ್ಲವೆನ್ನಲಾಗದೆ “ಹೂಂ, ನೆಟ್ಟಗಿದೆ” ಎಂದೆ.

ಆಮೇಲೆ ಮಗಳು ಒಂದು ಸುತ್ತು ಹೋಗಿಬಂದಳು. ಬಂದವಳು ಕಾರಿನಿಂದ ಇಳಿಯಲಿಲ್ಲ.

“ಅಪ್ಪಾ, ಇಟ್ಸ್ ನಾಟ್ ಸ್ಟ್ರೇಟ್.”

“ಅಯ್ಯೋ, ಬೊಟ್ಟು ನೋಡೇ, ಮೇಲೇ ಇದೆಯಲ್ಲ!”

“ಅಮ್ಮನ ಡಾಟ್ ಯಾವತ್ತೂ ಮಿಡಲ್‌ನಲ್ಲಿ ಇರ್ಲಿಲ್ಲ. ಇಟ್ ವಾಸ್ ಆಲ್ವೇಸ್ ಲೆಫ್ಟ್. ಲೋಗೋ ನೋಡಿ.”

ಬಗ್ಗಿ ನೋಡಿದರೆ, ಚಕ್ರಗಳು ನೆಟ್ಟಗಿದ್ದರೂ ಸ್ಟೀರಿಂಗಿನ ನಡುವಿನ ಲೋಗೋ ಬಲಕ್ಕೆ ವಾಲಿತ್ತು. ಪೂಜೆಯ ದಿನ ಇವರು ಕಾರನ್ನು ಓರೆಯಾಗಿ ನಿಲ್ಲಿಸಿ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿಯೇ ಬಿಟ್ಟಿದ್ದರು. ನಾನು ಅದರ ಮೇಲ್ಭಾಗ ನೋಡಿ ಬೊಟ್ಟಿಟ್ಟಿದ್ದೆ. ಈಗ ರಿಪೇರಿಯಲ್ಲಿ ಸ್ಟೀರಿಂಗ್ ಅಷ್ಟೇ ಸೊಟ್ಟಗಾಗಿ ಬೊಟ್ಟು ನೆತ್ತಿಗೆ ಬಂದಿತ್ತು. ನಾವಿಬ್ಬರು ಬುದ್ಧಿವಂತರು ಲೋಗೋ ಬಿಟ್ಟು ಬೊಟ್ಟು ನೋಡಿದ್ದೆವು.

“ಅದಕ್ಕೇನಂತೆ, ಸ್ಟೀರಿಂಗ್ ಬಿಚ್ಚಿ ನೆಟ್ಟಗೆ ಕೂರಿಸಿಬಿಡ್ತೀನಿ” ಎಂದು ಇವರು ಸ್ಪ್ಯಾನರ್ ಎತ್ತಿಕೊಂಡರು.

“ಅಪ್ಪಾ, ನೋ! ಅದರೊಳಗೆ ಏರ್‌ಬ್ಯಾಗ್ ಇದೆ!”

“ರೀ, ಸಾಕು ನಿಮ್ಮ ಮೆಕ್ಯಾನಿಕ್ ವೇಷ. ಕೆಳಗಿಡಿ ಅದನ್ನ” ಎಂದು ನಾನೂ ಗದರಿದೆ.

ಅವರು ಕೈ ಒರೆಸಿಕೊಳ್ಳುತ್ತಾ ಒಳಗೆ ಹೋದರು. ಮಗಳು ಇನ್ನೂ ಸ್ಟೀರಿಂಗ್ ಹಿಡಿದೇ ಕೂತಿದ್ದಳು. ಆಗ ನನಗೆ ಹೊಳೆಯಿತು. ಅವಳು ಬಾಯಿಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಭಾನುವಾರ ಆರಾಮಾಗಿ ಒಬ್ಬಳೇ ಹೋಗಬಹುದಿತ್ತು. ಸೊಟ್ಟಗಿದೆ ಎಂದು ಹೇಳಿ ತನ್ನ ಪ್ರಯಾಣಕ್ಕೆ ತಾನೇ ಕಲ್ಲು ಹಾಕಿಕೊಂಡಿದ್ದಳು. ಇಂಥವಳನ್ನು ಒಬ್ಬಳನ್ನೇ ಕಳಿಸಲು ನನಗೇನು ಭಯ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಶನಿವಾರ ಬೆಳಿಗ್ಗೆ ಎದ್ದವಳೇ ನಾನು ಚಕ್ರಗಳ ಅಲೈನ್‌ಮೆಂಟ್ ಮಾಡುವ ಅಂಗಡಿಗಳಿಗೆಲ್ಲ ಫೋನ್ ಮಾಡಿದೆ. ಎಲ್ಲರೂ ಸೋಮವಾರ ಬನ್ನಿ ಎನ್ನುವವರೇ. ಸುಮ್ಮನಾಗಿದ್ದರೆ ನಾನಂದಂತೆ ವ್ಯಾನೇ ಹೊರಡುತ್ತಿತ್ತು. ಸುಮ್ಮನಾಗಲಿಲ್ಲ. ಕೊನೆಗೆ ಒಬ್ಬರು ಮಧ್ಯಾಹ್ನಕ್ಕೆ ಒಪ್ಪಿದರು. ಅಲ್ಲಿ ಸ್ಟೀರಿಂಗನ್ನು ನೆಟ್ಟಗೆ ಬಿಗಿದು ನಿಲ್ಲಿಸಿ, ಕೆಳಗೆ ಎರಡೂ ಕಡೆಯ ರಾಡ್‌ಗಳನ್ನು ತಿರುಗಿಸಿ ಚಕ್ರಗಳನ್ನೇ ಸ್ಟೀರಿಂಗಿಗೆ ಹೊಂದಿಸಿದರು. ಲೋಗೋ ನೆಟ್ಟಗಾಯಿತು. ನನ್ನ ಬೊಟ್ಟು ಎಡಕ್ಕೆ ಸರಿಯಿತು.

ಭಾನುವಾರ ಅವಳು ಹೊರಡುವಾಗ ಪುಳಿಯೋಗರೆ ಡಬ್ಬಿಯ ಜೊತೆ ಕುಂಕುಮದ ಭರಣಿಯನ್ನೂ ಒದ್ದೆ ಬಟ್ಟೆಯನ್ನೂ ತಂದೆ. “ತಡಿಯೇ, ಅದನ್ನ ಒರೆಸಿ ಸರಿಯಾಗಿ ನಡುವೆ ಇಡ್ತೀನಿ.”

ಅವಳು ಬೊಟ್ಟಿನ ಮೇಲೆ ಕೈ ಮುಚ್ಚಿದಳು. “ಲೀವ್ ಇಟ್, ಅಮ್ಮಾ. ನನ್ನ ತಂಬ್ ಯಾವಾಗ್ಲೂ ಅಲ್ಲೇ ಇರತ್ತೆ.”

ನಿಜ. ಎಡಗೈಯ ಹೆಬ್ಬೆರಳು ಸರಿಯಾಗಿ ಬೊಟ್ಟಿನ ಮೇಲೆಯೇ ಕೂತಿತ್ತು. ನಾನು ಭರಣಿಯ ಮುಚ್ಚಳ ಹಾಕಿದೆ. ಕಾರು ತಿರುವು ದಾಟುವವರೆಗೂ ನೋಡಿದೆ, ಚೆನ್ನಾಗಿ ಅತ್ತೆ, ಆಮೇಲೆ ಒಳಗೆ ಹೋಗಿ, ತೆಗೆದಿಟ್ಟುಕೊಂಡಿದ್ದ ವ್ಯಾನಿನ ಕೀಯನ್ನು ಮತ್ತೆ ಮೊಳೆಗೆ ತಗುಲಿಹಾಕಿದೆ.