ನಾನು ಓಗೊಡದ ಕೂಗು

ಅತ್ತಿಗೆ, ಅಣ್ಣನಿಗೆ ಇನ್ನು ಮಾತು ಬರುವುದಿಲ್ಲ ಎಂದು ನಿಮಗೆ ಹೇಳಿದವನು ನಾನು. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಅಣ್ಣನಿಗೆ ಪೆಟ್ಟಾದದ್ದು ನಾನು ಮೈಸೂರಿನಿಂದ ಬಂದಿಳಿದ ಸಂಜೆ. ಅಣ್ಣ ಪುಲ್ಪಳ್ಳಿ ರಸ್ತೆಗೆ ಬಂದು ಕಾಯುತ್ತಿದ್ದ. ಕಾಡಂಚಿನ ದಾರಿಯಲ್ಲಿ ಮುಂದಿನವನು "ಹೋ" ಎಂದು ಕೂಗಬೇಕು, ಹಿಂದಿನವನು ಓಗೊಡಬೇಕು. ಉತ್ತರ ಬಾರದಿದ್ದರೆ ಮುಂದಿನವನು ತಿರುಗಿ ಬರಲೇಬೇಕು — ನಮ್ಮಲ್ಲಿ ಮಕ್ಕಳಿಗೂ ಗೊತ್ತು. "ಮೈಸೂರಲ್ಲಿ ಮಿದುಳು ಸಾಕು ಕಣೋ, ಇಲ್ಲಿ ಗಂಟಲು ಬೇಕು," ಎಂದು ನಗುತ್ತ ಮುಂದೆ ಹೊರಟ.

ತಿರುವಿನಲ್ಲಿ ನಾನು ಹಿಂದುಳಿದೆ. ಬಿದಿರ ಮೆಳೆಯ ಪಕ್ಕದಲ್ಲಿ ಆನೆ — ಕಿವಿ ಬೀಸುವುದನ್ನು ನಿಲ್ಲಿಸಿ ನಿಂತಿತ್ತು. ನಮ್ಮ ನಡುವೆ ಒಂದು ಹಲಸಿನ ಮರ, ಅಷ್ಟೇ. ಅಣ್ಣ ಕೂಗಿದ. ನಾನು ಸುಮ್ಮನಿದ್ದೆ. ಮತ್ತೆ ಕೂಗಿದ: "ಲೋ, ಇದ್ದೀಯೇನೋ?" ದನಿ ತೆಗೆದರೆ ಅದು ನನ್ನ ಕಡೆ ತಿರುಗುತ್ತದೆ — ಬೇರೇನೂ ಯೋಚಿಸಲಿಲ್ಲ. ಅವನು ಓಡಿ ಬಂದ. ಆಗಲಾದರೂ ಒಂದು ಸಲ ಕೂಗಿದ್ದರೆ... ಆನೆ ಅವನನ್ನು ಬಂಡೆಯ ಮೇಲೆ ಎಸೆದದ್ದನ್ನು ಮರದ ಹಿಂದೆ ನಿಂತು ನೋಡಿದೆ. ಈಗಲೂ ನೋಡುತ್ತೇನೆ — ಹಲ್ಲುಜ್ಜುವಾಗ, ಬಸ್ಸಿನಲ್ಲಿ.

"ಆನೆ ಎದುರಿನಿಂದ ಬಂತು, ಕೂಗಲು ಹೊತ್ತೇ ಇರಲಿಲ್ಲ," ಎಂದು ಎಲ್ಲರಿಗೂ ಹೇಳಿದೆ. ತಲೆಗೆ ಪೆಟ್ಟು ಬಿದ್ದ ಅಣ್ಣ ಬದುಕಿದ, ಮಾತು ಹೋಯಿತು.

ನನ್ನ ಕೆಲಸವೇ ಮಿದುಳಿನ ಅಧ್ಯಯನ, ಅತ್ತಿಗೆ. ಮಿದುಳಿನ ಒಂದು ಭಾಗ ಮಂಕಾದಾಗ ನಾವು ಕಂಪ್ಯೂಟರಿನಲ್ಲಿ ಎರಡು ಮಾದರಿಗಳನ್ನು ಕಟ್ಟಿ ಹೋಲಿಸುತ್ತೇವೆ. ಕೆಟ್ಟಿರುವುದು ಆ ಭಾಗವೇ? ಅಥವಾ ಅದು ನೆಟ್ಟಗಿದ್ದು, ಬೇರೆ ಭಾಗಗಳಿಂದ ಅದಕ್ಕೆ ಬರಬೇಕಾದ ಕರೆ ಕ್ಷೀಣಿಸಿದೆಯೇ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಮೌನ. ಅಣ್ಣನ ಸ್ಕ್ಯಾನುಗಳನ್ನು ಲ್ಯಾಬಿನಲ್ಲಿ ಹಾಗೆ ಕೂರಿಸಿ ನೋಡಿದೆ. ಎರಡನೆಯ ಮಾದರಿಯೇ ಹೆಚ್ಚು ಹೊಂದಿಕೆಯಾಯಿತು: ಮಾತಿನ ಜಾಗ ಉಳಿದಿದೆ, ಕರೆ ತಲುಪುತ್ತಿಲ್ಲ. ಖಾತರಿಯಲ್ಲ — ಆದರೆ ಆಸೆ ಇಡಲು ಅಷ್ಟು ಸಾಕಿತ್ತು. ಮಾತಾಡಿಸುತ್ತಿದ್ದರೆ, ಬತ್ತೇರಿ ಆಸ್ಪತ್ರೆಯ ಮಾತಿನ ತರಬೇತಿ ಬಿಡದಿದ್ದರೆ —

ಎಂದಿನಂತೆ ಮಗನೆಂದೇ ಕರೆದು ನೀವು ಕೇಳಿದಿರಿ: "ನೀನು ಓದಿದವ ಅಲ್ವಾ ಮೋನೇ, ಸತ್ಯ ಹೇಳು. ಇವ್ರು ಮಾತಾಡ್ತಾರಾ?"

ಮಾತಾಡಿದರೆ ಮೊದಲು ಏನು ಹೇಳುತ್ತಾನೆ ಎಂಬುದಷ್ಟೇ ನನ್ನ ಮನಸ್ಸಿಗೆ ಬಂತು.

"ಆ ಜಾಗವೇ ಹೋಗಿದೆ ಅತ್ತಿಗೆ. ಸುಮ್ಮನೆ ಬತ್ತೇರಿಗೆ ಅಲೆಸಬೇಡಿ."

ನೀವು ನಂಬಿದಿರಿ. ತರಬೇತಿ ನಿಂತು ವರ್ಷಗಳಾದವು. ಈಗ ಊಟಕ್ಕೂ ಅವನನ್ನು ಕರೆಯುವುದಿಲ್ಲ. ತಟ್ಟೆ ತಂದು ಮುಂದೆ ಇಡುತ್ತೀರಿ.

ಮೊನ್ನೆ ಮೆಣಸು ಕೊಯ್ಯುವವರು ಕೆಲಸ ಮುಗಿಸಿ ಹೋಗುತ್ತ ದಾರಿಯಲ್ಲಿ "ಹೋ" ಎಂದರು. ಜಗಲಿಯಲ್ಲಿ ಕೂತಿದ್ದ ಅಣ್ಣನ ತುಟಿ ದುಂಡಗಾಯಿತು. ಗಂಟಲಿನಿಂದ ಒಂದು ಉಸಿರು — ದನಿ ಎನ್ನಲಾರೆ. ಆಮೇಲೆ ಅವನು ನನ್ನನ್ನು ನೋಡಿದ. ನಾನು ಎದ್ದು ಒಳಗೆ ಹೋದೆ.

ನಾಳೆ ನಿಮ್ಮಿಬ್ಬರ ಮುಂದೆ ಕೂತು ಈ ಪತ್ರವನ್ನು ಓದುತ್ತೇನೆ. ನೀವು ಒಪ್ಪಿದರೆ ನಾನೇ ಅವನನ್ನು ಬತ್ತೇರಿಗೆ ಕರೆದೊಯ್ಯುತ್ತೇನೆ. ನನ್ನ ಮುಖ ನೋಡಲಾರೆ ಎಂದರೆ ಬೇರೆಯವರ ಜೊತೆ ಕಳಿಸಿ. ಹೋದ ವರ್ಷಗಳು ಅವನಿಂದ ಎಷ್ಟನ್ನು ಕಿತ್ತುಕೊಂಡಿವೆಯೋ ಗೊತ್ತಿಲ್ಲ. ಮಾತು ಬಂದರೆ, ಮೊದಲ ಮಾತು ಅದೇ ಇರಬಹುದು — ಲೋ, ಇದ್ದೀಯೇನೋ?

ಇದ್ದೆ, ಅಣ್ಣ. ಕೇಳಿಸುವಷ್ಟು ಹತ್ತಿರದಲ್ಲೇ ಇದ್ದೆ.