ಅಗಸಿಗೂ ನನ್ನ ಚಪ್ಪಲಿಗೂ ಇದ್ದ ಜಗಳ

ನಮ್ಮೂರ ಅಗಸಿಯನ್ನು ಕೆಡವಿದ ದಿನ ಕಣ್ಣೀರು ಹಾಕಿದವರು ಇಬ್ಬರೇ. ಒಬ್ಬರು ಅದರ ಕಟ್ಟೆಯ ಮೇಲೆ ಜೀವಮಾನವೆಲ್ಲ ಕೂತು ಕಳೆದ ನನ್ನ ದೊಡ್ಡ ಮಾವ, ಅಂದರೆ ನನ್ನ ಮಾವನ ಅಣ್ಣ. ಇನ್ನೊಬ್ಬಳು ಆ ಕಟ್ಟೆ ಕಂಡರೆ ಮೈಯೆಲ್ಲ ಉರಿಯುತ್ತಿದ್ದ ನಾನು.

ಅಗಸಿ ಎಂದರೆ ಊರ ಹೆಬ್ಬಾಗಿಲು. ನರಗುಂದಕ್ಕೂ ರೋಣಕ್ಕೂ ನಡುವೆ, ಎರೆಹೊಲಗಳ ಮಧ್ಯೆ ನಮ್ಮೂರು. ಎರಡೂ ಕಡೆ ದಪ್ಪ ಕಲ್ಲಿನ ಗೋಡೆ, ಮೇಲೆ ಕಮಾನು, ಕಮಾನಿನೊಳಗೆ ಎಡಕ್ಕೊಂದು ಬಲಕ್ಕೊಂದು ಕಟ್ಟೆ. ಯಾವ ಕಾಲದ್ದು ಎಂದು ಕೇಳಿದರೆ ಒಬ್ಬೊಬ್ಬರು ಒಬ್ಬೊಬ್ಬ ರಾಜನ ಹೆಸರು ಹೇಳುತ್ತಿದ್ದರು. ಯಾವ ರಾಜನೂ ಎದ್ದು ಬಂದು ಸುಳ್ಳು ಎನ್ನಲಿಲ್ಲ. ಬಾಗಿಲುಗಳು ನಾನು ಬರುವ ಮೊದಲೇ ಯಾರದೋ ಒಲೆ ಸೇರಿದ್ದವು. ದೊಡ್ಡ ದೊಡ್ಡ ಕಬ್ಬಿಣದ ಮೊಳೆ ಹೊಡೆದ ಚೌಕಟ್ಟು ಮಾತ್ರ ಉಳಿದಿತ್ತು. ಬೇಸಿಗೆಯಲ್ಲಿ ಇಡೀ ಊರಿಗೆ ತಂಪಾದ ಜಾಗ ಅದೊಂದೇ, ಆದ್ದರಿಂದ ಅದು ಗಂಡಸರದು.

ಆ ಕಟ್ಟೆಯ ಮುಂದೆ ಸೊಸೆಯಂದಿರು ಚಪ್ಪಲಿ ಮೆಟ್ಟಿ ನಡೆಯುವಂತಿರಲಿಲ್ಲ. ಕಮಾನಿನ ಈಚೆ ಕಳಚಿ ಕೈಯಲ್ಲಿ ಹಿಡಿದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಆಚೆ ಹೋದ ಮೇಲೆ ಮೆಟ್ಟಿಕೊಳ್ಳಬೇಕು. ಊರಲ್ಲೇ ಹುಟ್ಟಿದ ಹೆಣ್ಣುಮಕ್ಕಳಿಗೆ ಈ ನಿಯಮ ಇಲ್ಲ. ಹೊರಗಿನಿಂದ ತಂದವರ ಕಾಲುಗಳು ಮಾತ್ರ ಹಿರಿಯರಿಗೆ ಅಪಮಾನ ಮಾಡುತ್ತವೆ.

ನನ್ನ ತವರು ಪುರ್ತಗೇರಿ. ಮದುವೆಗೆಂದು ಅವ್ವ ಗಜೇಂದ್ರಗಡದ ಸಂತೆಯಲ್ಲಿ ಕೆಂಪು ಪಟ್ಟಿಯ ಚಪ್ಪಲಿ ಕೊಡಿಸಿದ್ದಳು. ಚೌಕಾಸಿ ಮಾಡದೆ ಅವಳು ಕೊಂಡ ವಸ್ತು ನನಗೆ ನೆನಪಿರುವಂತೆ ಅದೊಂದೇ. ಹೊಸ ಮದುಮಗಳಾಗಿ ಅಗಸಿಯ ಮುಂದೆ ಬಂಡಿ ಇಳಿದರೆ ಅತ್ತೆಯ ಮೊದಲ ಮಾತು: "ಚಪ್ಪಲಿ ಕಳಿಯವಾ, ಹಿರ್ಯಾರ ಕುಂತಾರ."

ಮುಂದಿನ ಹಾಸುಗಲ್ಲು ಕಾದ ಹಂಚಾಗಿತ್ತು. ನಾನು ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ಕುಣಿಯುತ್ತ ದಾಟಿದೆ. ಕಟ್ಟೆಯ ಮೇಲಿಂದ ಯಾರೋ, "ಹುಡಿಗಿ ಭಾಳ ಚುರುಕ ಐತಿ ನೋಡ್ರಿ" ಎಂದು ಮೆಚ್ಚಿಕೊಂಡರು. ಪಾದ ಸುಡುತ್ತಿತ್ತು, ಹೊಟ್ಟೆ ಅದಕ್ಕಿಂತ ಹೆಚ್ಚು ಸುಡುತ್ತಿತ್ತು. ಒಂದು ದಿನ ಇವರೆಲ್ಲ ಸಾಲಾಗಿ ಕೂತಿರುವಾಗಲೇ ಚಪ್ಪಲಿ ಮೆಟ್ಟಿ ಈ ಅಗಸಿ ದಾಟುತ್ತೇನೆ ಎಂದು ಆವತ್ತೇ ಶಪಥ ಮಾಡಿದೆ. ಮನಸ್ಸಿನೊಳಗೆ, ಅಷ್ಟೇ.

ಆಮೇಲೆ ನನಗೆ ಅಂಗನವಾಡಿಯ ಕೆಲಸ ಸಿಕ್ಕಿತು. ಅಂಗನವಾಡಿ ಇದ್ದದ್ದು ಅಗಸಿಯ ಹೊರಗೆ. ಹೋಗುವಾಗಲೂ ಕಳಚು, ಬರುವಾಗಲೂ ಕಳಚು. ಮಳೆಗಾಲದಲ್ಲಿ ಮಾತ್ರ ಸಮಾನತೆ ಬರುತ್ತಿತ್ತು: ಎರೆಮಣ್ಣು ಅಂಟಿ ಚಪ್ಪಲಿ ಎತ್ತಲಾರದಷ್ಟು ಭಾರವಾದಾಗ ಹಿರಿಯರೂ ಅವನ್ನು ಕೈಯಲ್ಲಿ ಹಿಡಿದೇ ಬರುತ್ತಿದ್ದರು. ಆಗ ನನಗೆ ಆಗುತ್ತಿದ್ದ ಸಂತೋಷ ಹೇಳತೀರದು.

ಒಂದು ಕಾಲಕ್ಕೆ ಆಚೆ ಕೇರಿಯ ಕೂಲಿ ಜನರೂ, ಗಂಡಸರು ಕೂಡ, ಅಲ್ಲಿ ಚಪ್ಪಲಿ ಕಳಚುತ್ತಿದ್ದರು. ಅವರ ಹುಡುಗರು ಗೋವಾ ಕಡೆ ದುಡಿಯಲು ಹೋಗಿ ಬಂದವರು ಒಂದು ದಿನ ಗುಂಪಾಗಿ ಬೂಟು ಹಾಕಿಕೊಂಡು ಟಕಟಕ ನಡೆದು ಹೋದರು. ಕಟ್ಟೆಯ ಮೇಲಿದ್ದವರೆಲ್ಲ ಕಮಾನಿನಲ್ಲಿ ಪಾರಿವಾಳ ಎಣಿಸಿದರು. ಅಲ್ಲಿಗೆ ಅದು ಮುಗಿಯಿತು. ನಾವು ಸೊಸೆಯಂದಿರು ಹಾಗೆ ಗುಂಪಾಗಲೇ ಇಲ್ಲ. ಗುಂಪಾದರೆ ಪಕ್ಕದ ಮನೆ ಸೊಸೆಯ ಬಗ್ಗೆ ಮಾತಾಡುವುದಕ್ಕೇ ಹೊತ್ತು ಸಾಲುತ್ತಿರಲಿಲ್ಲ.

ಇತ್ತೀಚೆಗೆ ಹೊಸ ಸೊಸೆಯಂದಿರು ಸ್ಕೂಟಿ ತಂದರು. ಕಟ್ಟೆಯ ಮೇಲೆ ದೊಡ್ಡ ಚರ್ಚೆಯಾಗಿ, ಗಾಡಿಯ ಮೇಲಿದ್ದಾಗ ಕಾಲು ನೆಲಕ್ಕೆ ತಾಗುವುದಿಲ್ಲವಾದ್ದರಿಂದ ದೋಷವಿಲ್ಲ ಎಂದು ತೀರ್ಪಾಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಡುವೆ ಸಿಕ್ಕಿಬಿದ್ದ ನನಗೆ ಯಾವ ಕಾಲವೂ ಇರಲಿಲ್ಲ. ಸ್ಕೂಟಿ ಕಲಿಯಬಹುದಿತ್ತು. ಆದರೆ ನನಗೆ ಬೇಕಿದ್ದದ್ದು ತೂರಿಕೊಂಡು ಹೋಗುವ ಸಂದಿ ಅಲ್ಲ. ನನ್ನ ಕಾಲು, ನನ್ನ ಚಪ್ಪಲಿ, ಅವರ ಕಟ್ಟೆ.

ಅತ್ತೆ ಇರುವ ತನಕ ಬೇಡ ಅಂದುಕೊಂಡೆ. ಅತ್ತೆ ಹೋದ ಮೇಲೆ, ಮಗಳ ಮದುವೆ ಆಗುವ ತನಕ ಬೇಡ ಅಂದುಕೊಂಡೆ. ಕೊನೆಗೆ ನಿವೃತ್ತಿಯ ದಿನ ಎಂದು ಗಟ್ಟಿ ಮಾಡಿದೆ: ಶಾಲು ಹೊದ್ದು, ಹಾರ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಬರುತ್ತೇನೆ, ಯಾರು ತಡೆಯುತ್ತಾರೋ ನೋಡೋಣ. ನಿವೃತ್ತಿಗೆ ಇನ್ನೊಂದು ವರ್ಷವಿತ್ತು.

ಅಷ್ಟರಲ್ಲಿ ಕಡಲೆ ರಾಶಿಯ ಹೊತ್ತಿಗೆ ಊರಿಗೆ ಬಂದ ದೊಡ್ಡ ಕೊಯ್ಲು ಯಂತ್ರ ಕಮಾನಿನೊಳಗೆ ಸಿಕ್ಕಿಹಾಕಿಕೊಂಡಿತು. ಹಿಂದೆಯೂ ಬರಲಿಲ್ಲ, ಮುಂದೆಯೂ ಹೋಗಲಿಲ್ಲ, ಬಿಡಿಸಿ ಹೊರಗೆಳೆಯಲು ಎರಡು ದಿನ ಹಿಡಿಯಿತು. ಮೊದಲು ಊರು ಸುತ್ತಿ ಹೋಗಲು ಬಂಡಿದಾರಿ ಇತ್ತು. ಅದರ ಮೇಲೆ ಊರ ಪ್ರಮುಖರು ದನದ ಕೊಟ್ಟಿಗೆ ಕಟ್ಟಿಕೊಂಡಿದ್ದರು. ಹಾಗಾಗಿ ಅಗಸಿ ಕೆಡವುವುದೆಂದು ಆಯಿತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಸಭೆ ಕರೆದರು. ಕೋಳಿ ಕೇಳಿ ಮಸಾಲೆ ಅರೆಯುವ ಪದ್ಧತಿ ನಮ್ಮಲ್ಲೂ ಇಲ್ಲ. ಕರೆದದ್ದು ಒಪ್ಪಿಗೆಗಲ್ಲ, ಚಹಾಕ್ಕೆ. ನಾನು ಎದ್ದು ನಿಂತು, "ಕೆಡವಬ್ಯಾಡ್ರಿ. ಇನ್ನೊಂದ ವರ್ಷರ ತಡೀರಿ" ಎಂದೆ.

ಪಂಚಾಯಿತಿಯ ಸದಸ್ಯನೊಬ್ಬ ನಕ್ಕ. "ಅಕ್ಕಾರ, ನಿಮಗ ಚಲೋ ಆಗತೈತಲ್ರಿ. ಚಪ್ಪಲಿ ಕಳಿಯೂ ತ್ರಾಸ ತಪ್ಪತೈತಿ. ಒಂದ ವರ್ಷದಾಗ ಏನ ಮಾಡ್ತೀರಿ?"

ಏನು ಹೇಳಲಿ? ತುಳಿದುಕೊಂಡು ಹೋಗಬೇಕಾಗಿದೆ, ಅಲ್ಲಿಯ ತನಕ ಇರಲಿ ಎನ್ನಲೇ? ಆಗ ಮೂಲೆಯಿಂದ ದೊಡ್ಡ ಮಾವ ಯಾರ ಮುಖವನ್ನೂ ನೋಡದೆ ಹೇಳಿದರು: "ಅಕಿ ಹೇಳೂದು ಖರೇ ಐತಿ. ಕೆಡವಬ್ಯಾಡ್ರಿ. ನಾವೆಲ್ಲಿ ಕುಂದರೂದು?"

ನನಗೆ ಸಿಟ್ಟೇ ಬಂತು. ಜಗಳ ಇದ್ದದ್ದೇ ಇವರ ಜೊತೆ, ಈಗ ಪಕ್ಷ ಒಂದೇ. ನಮ್ಮ ಮನೆತನದಲ್ಲಿ ಸೊಸೆ ಹಿರಿಯ ಮಾವಂದಿರ ಜೊತೆ ಮಾತಾಡುವುದಿಲ್ಲ, ಅವರೂ ಸೊಸೆಯನ್ನು ಮಾತಾಡಿಸುವುದಿಲ್ಲ. ಬಾಗಿಲಲ್ಲಿ ಅವರು ಕೆಮ್ಮಿದರೆ ನಾನು ಒಳಗೆ ಸರಿಯಬೇಕು. ನನ್ನ ಸಂಸಾರದ ಉದ್ದಕ್ಕೂ ಅವರಿಂದ ನಾನು ಕೇಳಿದ್ದು ಆ ಕೆಮ್ಮು ಮಾತ್ರ.

ನಮ್ಮ ಇಬ್ಬರ ಮಾತು ಗಾಳಿಗೆ ಹೋಯಿತು. ಅಗಸಿ ಕೆಡವಿ, ಅದೇ ಜಾಗದಲ್ಲಿ ಎತ್ತರದ ಸಿಮೆಂಟಿನ ಮಹಾದ್ವಾರ ಕಟ್ಟುವುದೆಂದು ನಿರ್ಧಾರವಾಯಿತು. ಹಳೆಯ ಬಾಗಿಲು ಕೆಡವಿ ಹೊಸ ಬಾಗಿಲು ಕಟ್ಟುವುದಕ್ಕೆ ಅಭಿವೃದ್ಧಿ ಎನ್ನುತ್ತಾರೆಂದು ಆವತ್ತು ತಿಳಿಯಿತು.

ಕೆಡವುವ ಮೊದಲು ಅಗಸಿಯ ದೇವಿಯನ್ನು ಬೇರೆ ಕಡೆ ಕೂರಿಸಬೇಕೆಂದು ಹೆಂಗಸರು ಹಟ ಹಿಡಿದರು. ಬಲಗೋಡೆಯಲ್ಲಿ ಎಣ್ಣೆ, ಕುಂಕುಮ ಮೆತ್ತಿ ಮೆತ್ತಿ ಕಪ್ಪಾದ ಒಂದು ಗೂಡು ಇತ್ತು. ಚಪ್ಪಲಿ ಕಳಚುವುದು ಆ ದೇವಿಗೆ ಎಂದು ಹೆಂಗಸರ ನಂಬಿಕೆ, ತಮಗೇ ಎಂದು ಗಂಡಸರ ನಂಬಿಕೆ. ಶುಕ್ರವಾರ ಕಾಯಿ ಒಡೆದು, ಗಟ್ಟಿಯಾದ ಎಣ್ಣೆಯ ಜಿಡ್ಡನ್ನು ಕೆರೆದು ನೋಡಿದರೆ ಒಳಗೆ ಮೂರ್ತಿಯೂ ಇಲ್ಲ, ಕಲ್ಲೂ ಇಲ್ಲ. ಗೋಡೆಯೊಳಕ್ಕೆ ಉದ್ದಕ್ಕೆ ಹೋದ ಚೌಕ ತೂತು. ರಾತ್ರಿ ಅಗಸಿ ಮುಚ್ಚಿದಾಗ ಬಾಗಿಲಿಗೆ ಅಡ್ಡ ಹಾಕುತ್ತಿದ್ದ ತೊಲೆಯನ್ನು ತೂರಿಸುವ ತೂತು ಅದು. ತಲೆತಲಾಂತರದಿಂದ ಸೊಸೆಯಂದಿರು ಮಕ್ಕಳ ಜ್ವರ ಇಳಿಯಲಿ ಎಂದು ಬೇಡಿಕೊಂಡದ್ದು ಬಾಗಿಲ ಅಗುಳಿಗೆ.

ಗಂಡಸರು ಹೊಟ್ಟೆ ಹಿಡಿದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಶಿರೋಳದಿಂದ ಸೊಸೆಯಾಗಿ ಬಂದು ಮುದುಕಿಯಾದ ಒಬ್ಬಾಕೆ ಮಾತ್ರ ನಗಲಿಲ್ಲ. "ಊರ ಕಾದಿದ್ದು ಅಗುಳೀನ ಹೌದಲ್ಲೊ? ನೀವೇನ ಕಾದಿಲ್ಲಲ್ಲ. ಮತ್ತ ನಮಸ್ಕಾರ ಯಾರಿಗೆ ಮಾಡೂನು?" ಎಂದು, ಆ ಖಾಲಿ ತೂತಿಗೇ ಇನ್ನೊಮ್ಮೆ ಕೈಮುಗಿದು ಹೋದಳು.

ನಾನು ಸೋಮವಾರಕ್ಕೆ ಮುಹೂರ್ತ ಇಟ್ಟುಕೊಂಡೆ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲ, ಬಸವಣ್ಣನ ವಾರ. ಎತ್ತಿಗೆ ರಜೆ ಎಂದರೆ ಗಂಡಸರಿಗೂ ರಜೆ, ಕಟ್ಟೆ ಕಿಕ್ಕಿರಿದಿರುತ್ತದೆ. ಕೆಡವುವುದು ಬುಧವಾರ ಎಂದಿದ್ದರು. ನರಗುಂದಕ್ಕೆ ಹೋಗಿ ಹೊಸ ಚಪ್ಪಲಿ ತಂದೆ, ಕೆಂಪು ಪಟ್ಟಿಯದೇ. ಮನೆಯಲ್ಲಿ ಯಾರೂ ಇಲ್ಲದಾಗ ಪಡಸಾಲೆಯಲ್ಲಿ ತಲೆಯೆತ್ತಿ ನಡೆದು ತಾಲೀಮನ್ನೂ ಮಾಡಿದೆ.

ಜೆಸಿಬಿ ಭಾನುವಾರವೇ ಬಂತು. ಬೇರೆ ಊರಿನ ಕೆಲಸ ತಪ್ಪಿ ಯಂತ್ರ ಖಾಲಿ ಇತ್ತಂತೆ, ಲಗೂ ಮುಗಿಸೋಣ ಎಂದರಂತೆ. ನಾನು ರೊಟ್ಟಿ ಬಡಿಯುತ್ತಿದ್ದೆ. ಧಡ್ ಎಂದು ನೆಲ ನಡುಗಿತು. ಹಿಟ್ಟಿನ ಕೈಯಲ್ಲೇ ಹೊಸ ಚಪ್ಪಲಿ ಮೆಟ್ಟಿ ಓಡಿದೆ. ಓಡಿದೆ ಅನ್ನುತ್ತೇನೆ, ಆದರೆ ಅಗಸಿಯ ಹತ್ತಿರ ಬಂದಾಗ ಚಪ್ಪಲಿ ಕೈಯಲ್ಲಿದ್ದವು. ಯಾವಾಗ ಕಳಚಿದೆನೋ ನನಗೇ ಗೊತ್ತಿಲ್ಲ. ಹಾಳು ಕೈ.

ಕಮಾನು ಇರಲಿಲ್ಲ. ಅದು ಇದ್ದಲ್ಲಿ ಆಕಾಶ ಇತ್ತು, ದೂರದಲ್ಲಿ ನರಗುಂದದ ಗುಡ್ಡ ಇತ್ತು. ಜೆಸಿಬಿ ಹಿಂದಕ್ಕೆ ಸರಿದು ನಿಂತು, ಅದರ ಚಾಲಕ ಬೀಡಿ ಹಚ್ಚಿದ್ದ. ಊರವರೆಲ್ಲ ಮೊಬೈಲು ಎತ್ತಿ ಹಿಡಿದಿದ್ದರು. ನನ್ನ ಅಗಸಿಯನ್ನು ನಾನು ಸೋಲಿಸುವ ಮೊದಲೇ ಯಾವುದೋ ಬಾಡಿಗೆಯ ಯಂತ್ರ ಬಂದು ಬೀಳಿಸಿತಲ್ಲ. ಧೂಳಿನಲ್ಲಿ ನಿಂತು ಅತ್ತುಬಿಟ್ಟೆ.

"ಯವ್ವಾ, ಚಪ್ಪಲಿ ಮೆಟ್ಟಗೋ. ಮೊಳಿ ಅದಾವ."

ಯಾರಿಗೆ ಹೇಳುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ದೊಡ್ಡ ಮಾವ ನನ್ನ ಪಕ್ಕದಲ್ಲೇ ಕೋಲೂರಿ ನಿಂತಿದ್ದರು, ಮೀಸೆಯ ಮೇಲೆಲ್ಲ ಧೂಳು, ಧೂಳಿನ ಮೇಲೆ ಕಣ್ಣೀರಿನ ಗೆರೆ. ಮುರಿದ ಚೌಕಟ್ಟಿನ ಮೊಳೆಗಳು ಎಲ್ಲೆಲ್ಲೂ ಮುಖ ಮೇಲೆ ಮಾಡಿ ಬಿದ್ದಿದ್ದವು. ಈ ಒಂದು ಮಾತು ಇವರ ಬಾಯಿಂದ ಬರಲು ಇಷ್ಟೆಲ್ಲ ಕಲ್ಲು ಬೀಳಬೇಕಿತ್ತೇ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವರ ಕಾಲು ಕಂಡೆ. ಬರಿಗಾಲು.

"ಮಾವಾರ, ನಿಮ್ಮ ಕೆರ ಎಲ್ಲಿ ಅದಾವ್ರಿ?" ಎಂದೆ. ನಾನು ಅವರಿಗೆ ಆಡಿದ ಮೊದಲ ಮಾತು ಅದು.

ಅವರು ಗದ್ದ ಎತ್ತಿ ಕಲ್ಲಿನ ರಾಶಿ ತೋರಿಸಿದರು. ಬೆಳಗ್ಗೆ ಎಂದಿನಂತೆ ಕಟ್ಟೆಯ ಕೆಳಗೆ ಬಿಟ್ಟು ಮೇಲೆ ಕೂತಿದ್ದರಂತೆ. ಜೆಸಿಬಿ ಬಂದಾಗ ಇಬ್ಬರು ರಟ್ಟೆ ಹಿಡಿದು ಎಬ್ಬಿಸಿ ಕರೆತಂದಿದ್ದರು. ಕೆರವನ್ನು ಯಾರು ನೋಡುತ್ತಾರೆ.

ನಾನು ಚಪ್ಪಲಿ ಮೆಟ್ಟಿಕೊಂಡೆ. ಎಲ್ಲರೂ ನೋಡುತ್ತಿರುವಾಗಲೇ ಅಗಸಿ ಇದ್ದ ಜಾಗದ ನಟ್ಟನಡುವೆ ನಡೆದೆ. ಕೆಳಗೆ ಕಲ್ಲು ಜಾರಿದವು, ಮೊಳೆಗಳು ಚಪ್ಪಲಿಯಡಿ ಕರಕರ ಎಂದವು. ಎಡಗಟ್ಟೆ ಕುಸಿದಲ್ಲಿ ಬಗ್ಗಿ, ಮಣ್ಣು ಬಗೆದು, ಒಂದು ಕೆರ ಎಳೆದೆ. ಇನ್ನೊಂದಕ್ಕೆ ಬಹಳ ಹೊತ್ತು ಹಿಡಿಯಿತು. ಎರಡನ್ನೂ ಬಡಿದು ಧೂಳು ಕೊಡವಿ ವಾಪಸು ಹೊರಟೆ. ಇಷ್ಟು ವರ್ಷ ಕಾದ ನಡಿಗೆ ಅದು. ನನ್ನ ಚಪ್ಪಲಿ ಕಾಲಲ್ಲಿದ್ದವು. ಕೈಯಲ್ಲಿ ಮಾತ್ರ ಮತ್ತೆ ಚಪ್ಪಲಿಗಳೇ ಇದ್ದವು, ಅವರವು.