ಸುಣ್ಣದ ಹಿಂದಿನ ಮುಖ

ಹಳೆಯ ಗೋಡೆಗಳ ಮೇಲೆ ಮಾಸಿಹೋದ ಜಾಹೀರಾತುಗಳ ಫೋಟೊ ತೆಗೆಯುವುದು ನನ್ನ ಭಾನುವಾರದ ಕೆಲಸವಾಗಿತ್ತು. ಯಶವಂತಪುರದ ಗೋದಾಮಿನ ಮೇಲಿನ ಬೀಡಿ, ಗಂಗಾನಗರದ ಕಾಂಪೌಂಡಿನ ಮೇಲಿನ ಸಿಮೆಂಟು, ಯಲಹಂಕದಲ್ಲಿ ಅರ್ಧ ಮಾತ್ರ ಉಳಿದ ಒಂದು ಕೊಡೆ. ಈಗ ಬಿಟ್ಟಿದ್ದೇನೆ. ಬಿಟ್ಟದ್ದು ಮತ್ತಿಕೆರೆಯ ಒಂದು ಗೋಡೆಯಿಂದ. ಅಲ್ಲಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಅದು ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ಹುಡುಗರ ಬಾಡಿಗೆ ರೂಮುಗಳ ಕಟ್ಟಡಗಳ ನಡುವೆ ಉಳಿದಿದ್ದ ಹಳೇ ಊರಿನ ಮನೆ. ಬೀದಿಯ ಕಡೆಯ ಗೋಡೆಯಲ್ಲಿ ಎಡಕ್ಕೆ ಕೆಂಪು ಹೋಗಿ ಗುಲಾಬಿಯಾದ ಅಕ್ಷರಗಳು, ಬಲಕ್ಕೆ ಉದ್ದನೆಯ ಜಡೆ. ಜಡೆಯ ಮೇಲೆ ಮುಖ ಇರಬೇಕಾದ ಜಾಗದಲ್ಲಿ ಮೊರದಗಲ ಬಿಳಿ ಸುಣ್ಣ.

ಕ್ಯಾಮೆರಾದ ಸ್ಟ್ಯಾಂಡು ನಿಲ್ಲಿಸುತ್ತಿದ್ದಂತೆ ಮನೆಯೊಡತಿ ಹೊರಗೆ ಬಂದರು. ಅರವತ್ತು ದಾಟಿದವರು.

"ಏನಪ್ಪಾ, ಅಳತೆ ತಗೊಳ್ಳೋಕೆ ಬಂದ್ಯಾ?"

"ಇಲ್ಲಮ್ಮ, ಗೋಡೆ ಫೋಟೊ ತೆಗೀತೀನಿ."

"ಗೋಡೇದಾ? ಯಾಕೆ, ನಿಮ್ಮನೇಲಿ ಗೋಡೆ ಇಲ್ವಾ?"

ನಕ್ಕೆವು. ಆ ಬಿಳಿ ಜಾಗ ಯಾಕೆ ಎಂದು ನಾನು ಕೇಳಿದೆ. ಅವರ ನಗು ನಿಂತಿತು.

ಅವರು ಆ ಮನೆಗೆ ಸೊಸೆಯಾಗಿ ಬಂದ ವರ್ಷ ಎಣ್ಣೆ ಕಂಪನಿಯವರು ಗೋಡೆ ಕೇಳಿದ್ದರಂತೆ. ಬೀದಿಯ ಗೋಡೆ ಕೊಟ್ಟರೆ ಉಳಿದ ಮೂರೂ ಗೋಡೆಗೆ ಪುಕ್ಕಟೆ ಸುಣ್ಣ. ಆಗ ಹಾಗೇ ನಡೆಯುತ್ತಿತ್ತು. ಮಾವ ಒಪ್ಪಿದರು. ಪೇಂಟರ್ ಮೂರು ದಿನ ಸಾರುವೆ ಕಟ್ಟಿ, ಗೋಣಿತಾಟಿನ ಮರೆಯಲ್ಲಿ ಬರೆದ. ಸಂಜೆ ಗೋಣಿ ತೆಗೆದಾಗ ಬೀದಿಯವರೆಲ್ಲ ಒಂದೇ ಮಾತು ಆಡಿದರು: ಇದು ಈ ಮನೆಯ ಹೊಸ ಸೊಸೆ. ಬಲಗೆನ್ನೆಯ ಮಚ್ಚೆಯನ್ನೂ ಬಿಟ್ಟಿಲ್ಲ. ಬೆಳಗಾಗುವಷ್ಟರಲ್ಲಿ ಗಂಡ ಮುಖಕ್ಕೆ ಮಾತ್ರ ಸುಣ್ಣ ಬಳಿದಿದ್ದರು.

"ನಾನು ನೋಡ್ಲೇ ಇಲ್ಲ ಕಣಪ್ಪಾ. ಹೊಸಾ ಸೊಸೆ ಬೀದೀಲಿ ನಿಂತು ಗೋಡೆ ನೋಡೋ ಹಾಗಿತ್ತಾ? ಅಷ್ಟೇ, ಆಮೇಲೆ ತವರಿಗೆ ಒಬ್ಳನ್ನೇ ಕಳಿಸ್ಲಿಲ್ಲ. ಪೇಂಟರ್ ನಿನ್ನನ್ನ ಅಷ್ಟು ಹತ್ರದಿಂದ ಎಲ್ಲಿ ನೋಡ್ದ ಅಂತ ನಮ್ಮನೆಯವ್ರು ಸಾಯೋವರೆಗೂ ಕೇಳಿದ್ರು. ನಂಗೇನ್ ಗೊತ್ತು? ಅದು ನಾನಾ ಅಲ್ವಾ ಅಂತಾನೇ ನಂಗೆ ಗೊತ್ತಿಲ್ಲ."

ಗಂಡ ತೀರಿಹೋದ ಮೇಲೆ ಸ್ಟೂಲ್ ಹಾಕಿಕೊಂಡು ಚಾಕುವಿನಿಂದ ಕೆರೆದು ನೋಡಿದ್ದರಂತೆ. ಸುಣ್ಣದ ಜೊತೆ ಬಣ್ಣವೂ ಏಳುತ್ತದೆಂದು ನಿಲ್ಲಿಸಿದ್ದರು.

ಸುಣ್ಣ ನೆನೆದರೆ ಒಳಗಿನ ಬಣ್ಣ ಕಾಣುತ್ತದೆ ಎಂಬುದು ನನಗೆ ಗೊತ್ತಿತ್ತು. ಹಿಂದೆ ಬೇರೆ ಗೋಡೆಗಳಲ್ಲಿ ನೋಡಿದ್ದೆ. ಬಟ್ಟೆ ಇಸ್ತ್ರಿಗೆ ಚಿಮುಕಿಸುವಷ್ಟು ನೀರು ಸಾಕು. ಇದನ್ನು ಹೇಳಿದೆ. ಅವರು "ಮಾಡು" ಎಂದರು.

ಚಿಮುಕಿಸಿದ್ದು ಸಾಲಲಿಲ್ಲ. ಗೋಡೆ ಕುಡಿದು ಮತ್ತೆ ಬೆಳ್ಳಗಾಗುತ್ತಿತ್ತು. ಅವರು ಸಂಪಿನ ಪೈಪು ತಂದುಕೊಟ್ಟರು. ಅದಕ್ಕೂ ಮೊದಲು ನಾನು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ್ದೆ. ಒಳಗಿನ ಮಣ್ಣಿನ ಗೋಡೆಯಿಂದ ಗಾರೆ ಬಿಟ್ಟುಕೊಂಡಿತ್ತು, ಟೊಳ್ಳು ಸದ್ದು ಬಂತು. ಆ ಸದ್ದು ಕೇಳಿದ ಮೇಲೂ ಪೈಪು ಹಿಡಿದೆ. ಈ ತಪ್ಪನ್ನು ನಾನು ಯಾರ ಮೇಲೂ ಹಾಕುವಂತಿಲ್ಲ.

ಮೊದಲು ಹುಬ್ಬು ಬಂತು. ಆಮೇಲೆ ಒಂದು ಕಣ್ಣು, ಕಿವಿಯ ಓಲೆ.

"ಕನ್ನಡಕ ತರ್ತೀನಿ, ಇರು ಇರು" ಎಂದು ಅವರು ಸೆರಗು ಎತ್ತಿಕೊಂಡು ಒಳಗೆ ಓಡಿದರು.

ಅಷ್ಟರಲ್ಲಿ ಇಡೀ ಮುಖ ಮೂಡಿತ್ತು, ಅದರ ಮೇಲೆ ನೀರು ಹೊಳೆಯುತ್ತಿತ್ತು. ಹೊಳಪು ಇಳಿಯಲಿ ಎಂದು ಕಾದೆ. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ, ಅಕ್ಷರಗಳ ಅಂಚು ಚೂಪಾಗಿ ಬರುತ್ತದೆಯೇ ಎಂದು ನೋಡಿದೆ. ಬಗ್ಗಿ ಸ್ಟ್ಯಾಂಡಿನ ಕಾಲು ಸರಿಮಾಡುತ್ತಿದ್ದಾಗ ಒದ್ದೆ ಮೂಟೆ ಬಿದ್ದಂಥ ಸದ್ದಾಯಿತು. ತಲೆಯೆತ್ತಿದೆ. ಜಡೆಯಿಂದ ಮೇಲಕ್ಕೆ ಕೆಂಪು ಮಣ್ಣು ಮಾತ್ರ ಇತ್ತು.

ಅವರು ಕನ್ನಡಕ ಹಾಕಿಕೊಂಡೇ ಬಂದರು. "ಎಲ್ಲಿ?" ಎಂದರು. ಬಿದ್ದ ಗಾರೆಯನ್ನು ಕಂಡರು. ಕೂತು ಒಂದು ಹೆಂಟೆ ತಿರುಗಿಸಿದರು. ಅದು ಅವರ ಬೆರಳಲ್ಲೇ ಕರಗಿತು.

"ನಮ್ಮನೆಯವ್ರು ಮುಚ್ಚಿದ್ರು ಅಷ್ಟೇ" ಎಂದರು. ನನ್ನನ್ನು ಬೈಯಲಿಲ್ಲ. "ಫೋಟೊ?"

"ತೆಗೆದಿಲ್ಲಮ್ಮ."

"ನೀನು ನೋಡ್ದೆ ತಾನೇ? ಮಚ್ಚೆ ಇತ್ತಾ?"

ನಾನು ನೋಡಿರಲಿಲ್ಲ. ಅಷ್ಟು ಹೊತ್ತು ಆ ಮುಖದ ಎದುರು ನಿಂತಿದ್ದರೂ, ಕೆನ್ನೆಯ ಮೇಲೆ ಏನಿತ್ತೆಂದು ನನ್ನ ಕಣ್ಣು ಇಂದಿಗೂ ಹೇಳಲಾರದು. ಆದರೆ ಅವರ ಮುಖ ನೋಡಿ, ಸಮಾಧಾನವಾಗಲಿ ಎಂದು, "ಇರಲಿಲ್ಲಮ್ಮ. ಅದು ನೀವಲ್ಲ" ಎಂದುಬಿಟ್ಟೆ.

ಅವರಿಗೆ ಸಮಾಧಾನವಾಗಲಿಲ್ಲ. ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಹಾಗಾದ್ರೆ ಸುಮ್ಸುಮ್ನೇ" ಎಂದರು. "ನಲವತ್ತು ವರ್ಷ, ಸುಮ್ಸುಮ್ನೇ."

ಗೊತ್ತಿಲ್ಲ, ಸುಳ್ಳು ಹೇಳಿದೆ ಎನ್ನಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು, ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅವರದೇ ವಯಸ್ಸಿನ ಹೆಂಗಸನ್ನು ಕೂಗಿದರು.

"ಕೇಳಿಸ್ತೇನ್ರೀ? ಗೋಡೆ ಮೇಲಿದ್ದಿದ್ದು ನಾನಲ್ವಂತೆ. ಮಚ್ಚೇನೇ ಇರ್ಲಿಲ್ವಂತೆ. ಇವ್ನೇ ಕಣ್ಣಾರೆ ನೋಡಿದಾನೆ!"

ಆಕೆ ಬಾಯಲ್ಲಿದ್ದ ಕ್ಲಿಪ್ಪು ತೆಗೆದು ಕೆಳಗೆ ಬಗ್ಗಿದಳು. "ಯಾವ್ ಗೋಡೆ? ಏನ್ ಮಚ್ಚೇರೀ?"

"ಅದೇ ಕಣ್ರೀ, ಎಣ್ಣೇದು. ನೀವೆಲ್ಲಾ ಅಂದಿದ್ರಲ್ಲ."

"ನಾನೇನಂದೆ? ನಂಗೊಂದೂ ನೆನಪಿಲ್ಲಪ್ಪಾ" ಎಂದು ಆಕೆ ಇನ್ನೊಂದು ಬಟ್ಟೆ ಕೊಡವಿದಳು.